ನಿರಾಶ್ರಿತರ ರಕ್ಷಣೆ ಮತ್ತು ಸರ್ಕಾರದ ಬದ್ಧತೆ: ಬೆಳಗಾವಿ–ಖಾನಾಪುರ ಪ್ರದೇಶದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಬೆಳಗಾವಿ ನಗರದಿಂದ ದಕ್ಷಿಣಕ್ಕೆ ಸಾಗುವ ದಾರಿ ಖಾನಾಪುರವನ್ನು ದಾಟಿದ ಮೇಲೆ ಬಯಲಿನ ಲಕ್ಷಣಗಳನ್ನು ಕಳೆದುಕೊಂಡು ಸಹ್ಯಾದ್ರಿಯ ದಟ್ಟ ಅರಣ್ಯವನ್ನು ಪ್ರವೇಶಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿಯ ಮೂಲಧಾರೆಗಳಿರುವ ಭೀಮಗಡದ ಕಣಿವೆಗಳು, ಕದಂಬರ ಕಾಲದ ಪಲಾಶಿಕೆಯಾಗಿದ್ದ ಹಲಸಿ, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ, ಇವೆಲ್ಲವೂ ಈ ಒಂದೇ ತಾಲೂಕಿನಲ್ಲಿವೆ. ಶಾಸನ, ದೇವಾಲಯ ಹಾಗೂ ಸ್ವಾತಂತ್ರ್ಯ ಹೋರಾಟದ ದೃಷ್ಟಿಯಿಂದ ಈ ಪ್ರದೇಶವನ್ನು ವಿದ್ವಾಂಸರು ಸಾಕಷ್ಟು ಪರಿಶೀಲಿಸಿದ್ದಾರೆ. ಆದರೆ ನೆಲೆ ತಪ್ಪಿ ಬಂದವರ ಮತ್ತು ನೆಲೆ ಬಿಟ್ಟು ಹೊರಡಬೇಕಾದವರ ಚರಿತ್ರೆಯ ದೃಷ್ಟಿಯಿಂದಲೂ ಖಾನಾಪುರವು ಅಷ್ಟೇ ಮಹತ್ವದ ಪ್ರದೇಶವಾಗಿದೆ. ಒಂದು ಕಾಲದಲ್ಲಿ ಓಡಿಬಂದವರಿಗೆ ಆಶ್ರಯವಿತ್ತ ಕಾಡಿನಿಂದಲೇ ಇಂದು ಜನರನ್ನು ಹೊರಕ್ಕೆ ಕರೆತರುವ ಕಾರ್ಯ ನಡೆದಿದೆ.

ಆಶ್ರಯ ಕಳೆದುಕೊಂಡವರನ್ನು ರಕ್ಷಿಸುವ ವಿಷಯದಲ್ಲಿ ಸರ್ಕಾರದ ಬದ್ಧತೆ ಎಂದರೆ ಏನು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೊರನಾಡಿನಿಂದ ಬಂದ ನಿರಾಶ್ರಿತರಿಗೆ ಕರ್ನಾಟಕವು ಸಮುದಾಯವಾಗಿ ನೆಲೆ ಕಲ್ಪಿಸಿತು. ಆದರೆ ತನ್ನದೇ ಪ್ರಜೆಗಳನ್ನು ಅಣೆಕಟ್ಟು, ಅಭಯಾರಣ್ಯಗಳ ನಿಮಿತ್ತ ಎಬ್ಬಿಸಿದಾಗ ಬಹುಮಟ್ಟಿಗೆ ಕುಟುಂಬಕ್ಕಿಷ್ಟು ಎಂಬ ಮೊತ್ತದಲ್ಲಿಯೇ ಕರ್ತವ್ಯವನ್ನು ಎಣಿಸಿತು. ಈ ವ್ಯತ್ಯಾಸದ ಅರ್ಥವೇನೆಂಬುದನ್ನು ಭೀಮಗಡದ ಉದಾಹರಣೆಯ ಮೂಲಕ ನೋಡಬಹುದಾಗಿದೆ.

ಪದಗಳ ವಿಚಾರ

ಮೊದಲಿಗೆ ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ‘ನಿರಾಶ್ರಿತ’ ಎಂಬ ಒಂದೇ ಪದವನ್ನು ಕನ್ನಡದ ಆಡಳಿತ ಭಾಷೆಯು ಹಲವು ಬಗೆಯ ಜನರಿಗೆ ಅನ್ವಯಿಸುತ್ತದೆ. ಟಿಬೆಟ್‌ನಿಂದ ಬಂದವರು ನಿರಾಶ್ರಿತರು. ಜಲಾಶಯದಲ್ಲಿ ಊರು ಮುಳುಗಿದವರೂ ನಿರಾಶ್ರಿತರು. 1975ರ ಭಿಕ್ಷಾಟನೆ ನಿಷೇಧ ಅಧಿನಿಯಮದ ಮೇರೆಗೆ ಭಿಕ್ಷುಕರನ್ನು ಇರಿಸುವ ಸ್ಥಳಕ್ಕೂ ‘ನಿರಾಶ್ರಿತರ ಪರಿಹಾರ ಕೇಂದ್ರ’ವೆಂದೇ ಹೆಸರು. ನೆರೆ ಸಂತ್ರಸ್ತ, ಮುಳುಗಡೆ ಸಂತ್ರಸ್ತ, ಯೋಜನಾ ನಿರ್ವಸಿತ ಎಂಬ ಬೇರೆ ಪದಗಳೂ ಬಳಕೆಯಲ್ಲಿವೆ. ಅಂತಾರಾಷ್ಟ್ರೀಯ ಕಾನೂನಿನಲ್ಲಿ ಮಾತ್ರ ಈ ಭೇದ ನಿಖರವಾಗಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಕಿರುಕುಳಕ್ಕೆ ಅಂಜಿ ಸ್ವದೇಶದ ಗಡಿ ದಾಟಿದವನು 1951ರ ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ ನಿರಾಶ್ರಿತ. ಗಡಿ ದಾಟದೆ ತನ್ನ ದೇಶದೊಳಗೇ ನೆಲೆ ಕಳೆದುಕೊಂಡವನು ಆಂತರಿಕವಾಗಿ ಸ್ಥಳಾಂತರಗೊಂಡವನು. ಇಂಥವರ ಕುರಿತು ವಿಶ್ವಸಂಸ್ಥೆಯು 1998ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ರೂಪಿಸಿತು. ಅಭಿವೃದ್ಧಿ ಯೋಜನೆಗಳಿಂದ ಆಗುವ ಸ್ಥಳಾಂತರವನ್ನೂ ಆ ಸೂತ್ರಗಳು ಒಳಗೊಂಡಿವೆ.

ಇನ್ನೊಂದು ಪದವೂ ಇಲ್ಲಿ ಗಮನಾರ್ಹ. ಕನ್ನಡದಲ್ಲಿ ‘ಪರಿಹಾರ’ವೆಂದರೆ ಸಮಸ್ಯೆಯ ನಿವಾರಣೆ, ನಷ್ಟಕ್ಕೆ ಪ್ರತಿಯಾಗಿ ಕೊಡುವ ಹಣವೂ ‘ಪರಿಹಾರ’ವೇ. ಎರಡು ಅರ್ಥಗಳು ಒಂದೇ ಪದದಲ್ಲಿ ಸೇರಿಕೊಂಡುದರ ಪರಿಣಾಮ ಆಡಳಿತದ ಮೇಲೂ ಆಗಿದೆಯೆಂದು ತೋರುತ್ತದೆ. ಪರಿಹಾರ ವಿತರಣೆಯಾದೊಡನೆ ಪರಿಹಾರ ದೊರೆಯಿತೆಂಬ ಭಾವನೆ ಸಹಜವಾಗಿ ಬಂದುಬಿಡುತ್ತದೆ. ‘ಪುನರ್ವಸತಿ’ ಎಂಬುದು ಇದಕ್ಕಿಂತ ಭಿನ್ನವಾದುದು. ಮತ್ತೆ ವಾಸ ಹೂಡುವುದು, ಅಂದರೆ ಮನೆ, ಜಮೀನು, ದುಡಿಮೆ, ಶಾಲೆ, ನೆರೆಹೊರೆ, ದೇವರು ದಿಂಡರು ಇವೆಲ್ಲ ಒಟ್ಟಾಗಿ ಹೊಸ ಸ್ಥಳದಲ್ಲಿ ಬೇರು ಬಿಡುವುದು ಅದರ ಅರ್ಥ. ಮೊದಲನೆಯದು ಒಂದು ದಿನದ ಕೆಲಸ. ಎರಡನೆಯದಕ್ಕೆ ಒಂದು ತಲೆಮಾರು ಬೇಕು.

ಕಾಡೇ ಆಶ್ರಯವಾದ ಕಾಲ

ಖಾನಾಪುರ, ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಅರಣ್ಯದಂಚಿನಲ್ಲಿ ವಾಸಿಸುವ ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರ ಆಳ್ವಿಕೆಯ ಗೋವಾಕ್ಕೆ ಗುಲಾಮರಾಗಿ ತರಲ್ಪಟ್ಟವರಲ್ಲಿ ಅನೇಕರು ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆಸಿದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಸಂಗತಿ. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳ ಅನುಯಾಯಿಗಳಿದ್ದು, ಕೊಂಕಣಿ, ಕನ್ನಡ, ಮರಾಠಿಗಳು ಇವರ ಆಡುನುಡಿಗಳಲ್ಲಿ ಬೆರೆತಿವೆ. ಘಟ್ಟದ ಮೇಲಿನ ಪ್ರದೇಶವು ಬ್ರಿಟಿಷರ ಅಧೀನದಲ್ಲಿದ್ದು, 1843ರ ಐದನೆಯ ಕಾಯಿದೆಯ ನಂತರ ಅಲ್ಲಿನ ನ್ಯಾಯಾಲಯಗಳು ಗುಲಾಮರ ಮೇಲಿನ ಒಡೆತನವನ್ನು ಮಾನ್ಯ ಮಾಡುವಂತಿರಲಿಲ್ಲ. ಹೀಗಾಗಿ ಘಟ್ಟದ ನೆತ್ತಿಯು ಎರಡು ಕಾನೂನುಗಳ ನಡುವಿನ ಗಡಿಯೂ ಆಗಿತ್ತು.

ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಸಿದ್ದಿಯರ ಪೂರ್ವಜರು ಈ ಸೀಮೆಯ ಹಳೆಯ ನಿರಾಶ್ರಿತರು. ಅವರಿಗೆ ಆಶ್ರಯ ಕೊಟ್ಟುದು ಯಾವ ಸರ್ಕಾರವೂ ಅಲ್ಲ, ಕಾಡು. ಆದ್ದರಿಂದಲೇ ಆ ಆಶ್ರಯಕ್ಕೆ ದಾಖಲೆ ಉಳಿಯಲಿಲ್ಲ. ದಾಖಲೆ ಇಲ್ಲದ ಆಶ್ರಯದ ಬೆಲೆಯನ್ನು ಈ ಸಮುದಾಯ ತಲೆಮಾರುಗಳವರೆಗೆ ತೆತ್ತಿತು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡವೆಂದು ಮಾನ್ಯತೆ ಪಡೆದದ್ದು 2003ರಲ್ಲಿ. ಅದೇ ಕಾಡಿನ ಇನ್ನೊಂದು ಮಗ್ಗುಲಲ್ಲಿರುವ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಯರಿಗೆ ಆ ಮಾನ್ಯತೆ ದೊರೆತದ್ದು 2020ರ ತಿದ್ದುಪಡಿ ಅಧಿನಿಯಮದಿಂದ. ಒಂದೇ ಬಳಗದ ಎರಡು ಕುಟುಂಬಗಳು ಜಿಲ್ಲೆಯ ಎಲ್ಲೆಯ ಆಚೆ ಈಚೆ ಇದ್ದ ಮಾತ್ರಕ್ಕೆ ಹದಿನೇಳು ವರ್ಷ ಬೇರೆ ಬೇರೆ ಸ್ಥಾನದಲ್ಲಿದ್ದವು. ಮಾನ್ಯತೆಯನ್ನು ಸ್ಥಳಕ್ಕೆ ಕಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಸ್ಥಳಾಂತರದ ಪ್ರಶ್ನೆಯಲ್ಲಿ ಈ ಅಂಶ ಮತ್ತೆ ಎದುರಾಗುತ್ತದೆ.

ಬೆಳಗಾವಿ ನಗರವೂ ಆಶ್ರಯದ ಚರಿತ್ರೆಯಿಂದ ಹೊರತಾಗಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾಗುವವರೆಗೆ ಅಲ್ಲಿನ ಆಳ್ವಿಕೆಯನ್ನು ವಿರೋಧಿಸಿದ ಅನೇಕ ಕಾರ್ಯಕರ್ತರಿಗೆ ಈ ನಗರ ತಂಗುದಾಣವೂ ಕಾರ್ಯಕ್ಷೇತ್ರವೂ ಆಗಿತ್ತು.

ಹೊರಗಿನಿಂದ ಬಂದವರಿಗೆ ರಾಜ್ಯ ನೀಡಿದ ನೆಲೆ

1951ರ ಒಡಂಬಡಿಕೆಗಾಗಲಿ ಅದರ 1967ರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿ ಪ್ರತ್ಯೇಕ ಶಾಸನವೂ ದೇಶದಲ್ಲಿಲ್ಲ. ಬಹುಕಾಲ 1946ರ ವಿದೇಶೀಯರ ಕಾಯಿದೆಯೇ ಆಧಾರವಾಗಿತ್ತು. ಅದರ ಸ್ಥಾನದಲ್ಲಿ ಈಗ 2025ರ ವಲಸೆ ಮತ್ತು ವಿದೇಶೀಯರ ಅಧಿನಿಯಮ ಜಾರಿಯಲ್ಲಿದೆ. ಹಾಗೆಂದು ರಕ್ಷಣೆ ಇಲ್ಲವೆಂದು ಅರ್ಥವಲ್ಲ. ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಸಂವಿಧಾನದ 21ನೆಯ ಅನುಚ್ಛೇದದ ಜೀವರಕ್ಷಣೆಯು ಪ್ರಜೆಗಳಿಗೆ ಮಾತ್ರವಲ್ಲದೆ ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸಲ್ಲುತ್ತದೆಂದು ಸ್ಪಷ್ಟಪಡಿಸಿತು.

ಕಾನೂನಿನ ಚೌಕಟ್ಟು ಇಷ್ಟು ತೆಳುವಾಗಿದ್ದರೂ ಕರ್ನಾಟಕದ ಆಚರಣೆ ಗಮನಾರ್ಹವಾಗಿದೆ. 1959ರ ನಂತರ ಭಾರತಕ್ಕೆ ಬಂದ ಟಿಬೆಟನ್ನರಿಗಾಗಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿ, 1960ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ಮೊದಲ ಟಿಬೆಟನ್ ವಸಾಹತಿಗೆ ಅವಕಾಶ ಮಾಡಿಕೊಟ್ಟಿತು. 1966ರಲ್ಲಿ ಮುಂಡಗೋಡದ ವಸಾಹತು ಆರಂಭವಾಯಿತು. ಮುಂದೆ ಹುಣಸೂರು, ಕೊಳ್ಳೇಗಾಲ ತಾಲೂಕುಗಳಲ್ಲಿಯೂ ವಸಾಹತುಗಳು ತಲೆಯೆತ್ತಿದವು. ಲಾಸಾದ ಸುತ್ತಲಿದ್ದ ದ್ರೆಪುಂಗ್ ಮತ್ತು ಗಂದೆನ್ ಮಹಾವಿಹಾರಗಳು ಮುಂಡಗೋಡದಲ್ಲಿ ಪುನಃ ಸ್ಥಾಪನೆಗೊಂಡವು. ಅಂದರೆ ಜನರೊಡನೆ ಅವರ ವಿದ್ಯೆಯೂ ಪೂಜಾಸ್ಥಾನವೂ ಬಂದು ನೆಲೆ ನಿಂತವು.

ಇದೊಂದೇ ಉದಾಹರಣೆಯಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ರಚಿಸಿ, ತುಂಗಭದ್ರಾ ನೀರಾವರಿ ಪ್ರದೇಶದಲ್ಲಿ ಭೂಮಿ ನೀಡಲಾಯಿತು. 1964ರ ಸಿರಿಮಾ–ಶಾಸ್ತ್ರಿ ಒಪ್ಪಂದದ ಮೇರೆಗೆ ಶ್ರೀಲಂಕೆಯಿಂದ ಮರಳಿದ ತಮಿಳು ಕಾರ್ಮಿಕ ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಮೆ ಹಾಗೂ ವಸತಿ ದೊರೆಯಿತು.

ಈ ಮೂರೂ ಪ್ರಸಂಗಗಳಲ್ಲಿ ಕೊರತೆಗಳಿಲ್ಲವೆಂದು ಹೇಳಲಾಗದು. ಟಿಬೆಟನ್ನರಿಗೆ ಭೂಮಿ ದೊರೆತದ್ದು ಒಡೆತನವಾಗಿ ಅಲ್ಲ. ಗೇಣಿಯ ಪತ್ರಗಳನ್ನು ಕ್ರಮಬದ್ಧಗೊಳಿಸುವ ಸಲುವಾಗಿಯೇ 2014ರಲ್ಲಿ ಕೇಂದ್ರ ಸರ್ಕಾರ ಟಿಬೆಟನ್ ಪುನರ್ವಸತಿ ನೀತಿಯನ್ನು ಹೊರಡಿಸಬೇಕಾಯಿತು. ಸುಳ್ಯದ ಕಾರ್ಮಿಕರ ವಸತಿಯು ಉದ್ಯೋಗಕ್ಕೆ ಕಟ್ಟಿಕೊಂಡಿತ್ತು. ಆದರೂ ಮೂರಕ್ಕೂ ಸಮಾನವಾದ ಒಂದು ಲಕ್ಷಣವಿದೆ. ಜನ ಬರುವ ಮೊದಲು ಅಥವಾ ಬರುತ್ತಿದ್ದಂತೆ ಅವರಿಗೆ ನೆಲ ಯಾವುದು, ದುಡಿಮೆ ಯಾವುದು ಎಂದು ರಾಜ್ಯವು ಯೋಚಿಸಿತು. ಸಮುದಾಯವನ್ನು ಚದುರಿಸದೆ ಒಟ್ಟಿಗೆ ಇರಿಸಿತು.

ಒಳಗಿನವರ ಸ್ಥಳಾಂತರ

ಅದೇ ದಶಕಗಳಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಎರಡು ದೊಡ್ಡ ಜಲಾಶಯಗಳು ನಿರ್ಮಾಣವಾದವು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ, ಘಟಪ್ರಭೆಗೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಲಾಯಿತು. ಈ ಜಲಾಶಯಗಳು ಉತ್ತರ ಕರ್ನಾಟಕದ ಲಕ್ಷಾಂತರ ಎಕರೆಗೆ ನೀರುಣಿಸಿವೆ ಎಂಬುದು ನಿರ್ವಿವಾದ. ಆದರೆ ಮುಳುಗಡೆಯಾದ ಊರುಗಳ ಜನರ ಹಕ್ಕು ನಿರ್ಧಾರವಾದದ್ದು 1894ರ ಭೂಸ್ವಾಧೀನ ಕಾಯಿದೆಯಡಿಯಲ್ಲಿ. ಆ ಕಾಯಿದೆಯ ದೃಷ್ಟಿಗೆ ಬೀಳುತ್ತಿದ್ದವನು ಜಮೀನಿನ ಒಡೆಯ. ಕೂಲಿ, ಕುರಿಗಾಹಿ, ಕುಂಬಾರ, ಬಡಿಗರಂಥ ಜಮೀನಿಲ್ಲದವರ ಪಾಲಿಗೆ ಊರು ಮುಳುಗಿದರೂ ಕಾನೂನಿನ ಪ್ರಕಾರ ಹೆಚ್ಚೇನೂ ನಷ್ಟವಾಗಿರಲಿಲ್ಲ.

ಈ ಕೊರತೆಯನ್ನು ರಾಜ್ಯವು ಗುರುತಿಸಲಿಲ್ಲವೆಂದಲ್ಲ. 1987ರಲ್ಲಿ ಯೋಜನಾ ನಿರ್ವಸಿತರ ಪುನರ್ವಸತಿಗಾಗಿಯೇ ಕರ್ನಾಟಕವು ಪ್ರತ್ಯೇಕ ಅಧಿನಿಯಮವೊಂದನ್ನು ರೂಪಿಸಿತು. ರಾಷ್ಟ್ರಮಟ್ಟದಲ್ಲಿ 1894ರ ಕಾಯಿದೆಯನ್ನು ರದ್ದುಗೊಳಿಸಿದ 2013ರ ಭೂಸ್ವಾಧೀನ ಅಧಿನಿಯಮವು 2014ರ ಜನವರಿ 1ರಿಂದ ಜಾರಿಗೆ ಬಂದು, ‘ನ್ಯಾಯಯುತ ಪರಿಹಾರ’ದ ಜೊತೆಗೆ ‘ಪುನರ್ವಸತಿ’ಯನ್ನೂ ತನ್ನ ಹೆಸರಿನಲ್ಲಿಯೇ ಸೇರಿಸಿಕೊಂಡಿತು. ಒಡೆಯರಲ್ಲದ, ಆದರೆ ಆ ಭೂಮಿಯನ್ನೇ ನಂಬಿ ಬದುಕುವ ಕುಟುಂಬಗಳನ್ನೂ ಬಾಧಿತರೆಂದು ಅದು ಪರಿಗಣಿಸುತ್ತದೆ.

ನೆರೆಹಾವಳಿಯ ಅನುಭವವೂ ಇಲ್ಲಿ ಪ್ರಸ್ತುತ. 2009ರ ಮಹಾಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳು ನಿರ್ಮಾಣವಾದವು. ಅವುಗಳಲ್ಲಿ ಅನೇಕ ಮನೆಗಳು ಬಹುಕಾಲ ಖಾಲಿ ಉಳಿದವು. ಹೊಲದಿಂದ ದೂರ, ದನ ಕಟ್ಟಲು ಹಕ್ಕೆ ಇಲ್ಲ, ಕಾಳು ಕೂಡಿಡಲು ಜಾಗವಿಲ್ಲ ಎಂಬುವು ಜನ ಹೇಳಿದ ಕಾರಣಗಳು. 2019ರ ಆಗಸ್ಟ್ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆ ಅಪಾರ ಹಾನಿಗೊಳಗಾದಾಗ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿಗಳನ್ನು ಸರ್ಕಾರ ಘೋಷಿಸಿತು. ಮೊತ್ತ ಹಿಂದಿಗಿಂತ ಉದಾರವಾಗಿದ್ದಿತು. ಆದರೆ ಯಾವ ಮನೆ ಯಾವ ವರ್ಗಕ್ಕೆ ಸೇರುತ್ತದೆ, ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಗಳೇ ಫಲಾನುಭವಿಗಳ ಭಾಗ್ಯವನ್ನು ನಿರ್ಣಯಿಸಿದವು. ಪ್ರತಿಯೊಂದು ಪ್ರಸಂಗದಲ್ಲಿಯೂ ವಿಷಯವು ಕೊನೆಗೆ ದಾಖಲೆಗೇ ಬಂದು ನಿಲ್ಲುತ್ತದೆ.

ಭೀಮಗಡದ ಪ್ರಸಂಗ

ಖಾನಾಪುರ ತಾಲೂಕಿನ ಭೀಮಗಡ ವನ್ಯಜೀವಿಧಾಮವು 2011ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಅದರ ವಿಸ್ತೀರ್ಣ 190.42 ಚದರ ಕಿಲೋಮೀಟರ್. ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಗೋವಾದ ಮಹದಾಯಿ ಅಭಯಾರಣ್ಯದೊಂದಿಗೆ ಬೆಸೆಯುವ ಕಾಡು ಇದು. ಇಲ್ಲಿನ ಬಾರಾಪೇಡೆ ಗುಹೆಗಳು ಅತಿ ವಿರಳವಾದ ರಾಟನ್ ಬಾವಲಿಯ ನೆಲೆಯಾಗಿ ಜೀವವಿಜ್ಞಾನಿಗಳಲ್ಲಿ ಪ್ರಸಿದ್ಧವಾಗಿವೆ. ಇದೇ ಕಾಡಿನೊಳಗೆ ತಳೇವಾಡಿ, ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ಅಮಗಾಂವ್, ದೇಗಾಂವ್ ಮೊದಲಾದ ಚಿಕ್ಕ ಊರುಗಳು ಹಿಂದಿನಿಂದಲೂ ಇವೆ. ಅಭಯಾರಣ್ಯವು ಊರುಗಳ ಮೇಲೆ ಬಂದಿತೇ ಹೊರತು ಊರುಗಳು ಅಭಯಾರಣ್ಯದೊಳಗೆ ಬಂದುದಲ್ಲ ಎಂಬುದನ್ನು ನೆನಪಿಡಬೇಕು.

ಮಳೆಗಾಲದಲ್ಲಿ ಈ ಊರುಗಳ ಸ್ಥಿತಿ ಕಠಿಣ. ಅಮಗಾಂವ್ ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಹಳ್ಳಗಳು ತುಂಬಿದಾಗ ಹೊರಜಗತ್ತಿನ ಸಂಪರ್ಕ ಕಡಿದುಹೋಗುತ್ತದೆ. 2024ರ ಜುಲೈಯಲ್ಲಿ ಅಮಗಾಂವ್‌ನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ ಮಳೆಯಲ್ಲಿ ಮೈಲಿಗಟ್ಟಲೆ ಹೊತ್ತು ತಂದ ಘಟನೆ ರಾಜ್ಯದ ಗಮನ ಸೆಳೆಯಿತು. ಸ್ಥಳಾಂತರದ ಚರ್ಚೆ ಅದರ ನಂತರ ಚುರುಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿದ್ದಾಗ ಅರಣ್ಯ ಸಚಿವರಾದ ಈಶ್ವರ ಖಂಡ್ರೆಯವರು ಇಲ್ಲಿನ ಜನರೊಡನೆ ಮಾತುಕತೆ ನಡೆಸಿದರು. 2025ರ ಮೇ ತಿಂಗಳಿನಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಾಗಿ ತಲಾ 10 ಲಕ್ಷ ರೂಪಾಯಿಗಳ ಚೆಕ್‌ಗಳನ್ನು ವಿತರಿಸಲಾಯಿತು. ಕುಟುಂಬಕ್ಕೆ ಒಟ್ಟು 15 ಲಕ್ಷ. ಉಳಿದ 5 ಲಕ್ಷ ಮನೆ ತೆರವು ಮಾಡಿದ ಮೇಲೆ ಎಂಬುದು ಯೋಜನೆಯ ಸ್ವರೂಪ. ಹುಲಿ ಸಂರಕ್ಷಿತ ಪ್ರದೇಶಗಳಿಗೆ 2008ರಲ್ಲಿ 10 ಲಕ್ಷವೆಂದು ನಿಗದಿಯಾಗಿ 2021ರಲ್ಲಿ 15 ಲಕ್ಷಕ್ಕೆ ಏರಿಸಲಾದ ಮೊತ್ತಕ್ಕೆ ಇದು ಸಮನಾಗಿದೆ.

ಈ ಕ್ರಮವನ್ನು ಸರ್ಕಾರವು ಸ್ವಯಂಪ್ರೇರಿತ ಸ್ಥಳಾಂತರವೆಂದು ಕರೆದಿದೆ. ಜನರಲ್ಲಿ ಹೊರಬರುವ ಆಸೆ ಇಲ್ಲವೆನ್ನುವುದು ಸರಿಯಲ್ಲ. ಮಕ್ಕಳ ಶಾಲೆ, ಆಸ್ಪತ್ರೆ, ವಿದ್ಯುತ್ತು, ಕಾಡುಪ್ರಾಣಿಗಳ ಭಯ ಇವು ಕಲ್ಪಿತ ಕಾರಣಗಳಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ರಸ್ತೆ, ಸೇತುವೆ, ಚಿಕಿತ್ಸಾಲಯಗಳು ದಶಕಗಳ ಕಾಲ ದೊರೆಯದುದರಿಂದ ಹುಟ್ಟಿದ ಇಚ್ಛೆಯನ್ನು ಎಷ್ಟರಮಟ್ಟಿಗೆ ಸ್ವಂತ ಇಚ್ಛೆ ಎನ್ನಬಹುದು? 2006ರ ಅರಣ್ಯ ಹಕ್ಕುಗಳ ಅಧಿನಿಯಮದ 3(2)ನೆಯ ಪ್ರಕರಣವು ಶಾಲೆ, ಔಷಧಾಲಯ, ರಸ್ತೆ ಸೇರಿದಂತೆ 13 ಬಗೆಯ ಸೌಕರ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಬಳಸಲು ಅವಕಾಶ ನೀಡಿದೆ. ಅಭಯಾರಣ್ಯದೊಳಗೆ ವನ್ಯಜೀವಿ ಕಾನೂನಿನ ಅನುಮತಿಗಳೂ ಸೇರಿ ಈ ದಾರಿ ಕಠಿಣವಾಗುತ್ತದೆ. ಇರುವವರಿಗೆ ಸೌಕರ್ಯ, ಹೊರಡುವವರಿಗೆ ಪುನರ್ವಸತಿ ಎಂಬ ಎರಡೂ ಬಾಗಿಲುಗಳು ತೆರೆದಿದ್ದಾಗ ಮಾತ್ರ ಆಯ್ಕೆ ಎಂಬ ಮಾತಿಗೆ ಅರ್ಥ ಬರುತ್ತದೆ.

ಕಾನೂನು ಹೇಳುವ ಕ್ರಮ

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಭಯಾರಣ್ಯದೊಳಗಿನ ಜನರ ಹಕ್ಕುಗಳನ್ನು ಜಿಲ್ಲಾಧಿಕಾರಿಯು ವಿಚಾರಣೆ ಮಾಡಿ ನಿರ್ಣಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರೊಡನೆ ಸಮಾಲೋಚಿಸಿ ಆ ಹಕ್ಕುಗಳನ್ನು ಮುಂದುವರಿಸಲೂ ಅವಕಾಶವಿದೆ. ಅಂದರೆ ಅಭಯಾರಣ್ಯವಾದ ಮಾತ್ರಕ್ಕೆ ಊರು ಏಳಲೇಬೇಕೆಂಬ ನಿಯಮವಿಲ್ಲ.

2006ರ ಅರಣ್ಯ ಹಕ್ಕುಗಳ ಅಧಿನಿಯಮವು ಇನ್ನೂ ಮುಂದೆ ಹೋಗುತ್ತದೆ. ಹಕ್ಕುಗಳ ಗುರುತಿಸುವಿಕೆ ಮತ್ತು ಪರಿಶೀಲನೆ ಪೂರ್ಣಗೊಳ್ಳುವವರೆಗೆ ಯಾವ ಅರಣ್ಯವಾಸಿಯನ್ನೂ ಅವನ ಸ್ವಾಧೀನದ ಭೂಮಿಯಿಂದ ಎಬ್ಬಿಸಬಾರದೆಂದು 4(5)ನೆಯ ಪ್ರಕರಣ ಹೇಳುತ್ತದೆ. ನಿರ್ಣಾಯಕ ವನ್ಯಜೀವಿ ಆವಾಸಗಳ ವಿಷಯದಲ್ಲಿ 4(2)ನೆಯ ಪ್ರಕರಣವು ಹಂತಗಳನ್ನೇ ಸೂಚಿಸಿದೆ. ಮೊದಲು ಹಕ್ಕುಗಳ ಮಾನ್ಯತೆ. ಬಳಿಕ ಜನರ ಇರವಿನಿಂದ ವನ್ಯಜೀವಿಗಳಿಗೆ ಸರಿಪಡಿಸಲಾಗದ ಹಾನಿಯಿದೆಯೆಂಬ ನಿರ್ಣಯ. ಸಹಬಾಳ್ವೆಯಂಥ ಬೇರೆ ಉಪಾಯಗಳಿಲ್ಲವೆಂಬ ತೀರ್ಮಾನ. ಸುರಕ್ಷಿತ ಜೀವನೋಪಾಯ ಒದಗಿಸುವ ಪುನರ್ವಸತಿ ಯೋಜನೆ. ಗ್ರಾಮಸಭೆಯ ಮುಕ್ತವಾದ ಹಾಗೂ ತಿಳಿದು ನೀಡಿದ ಲಿಖಿತ ಸಮ್ಮತಿ. ಕೊನೆಯದಾಗಿ, ಹೊಸ ಸ್ಥಳದಲ್ಲಿ ವಾಗ್ದಾನ ಮಾಡಿದ ಸೌಕರ್ಯ ಮತ್ತು ಭೂಮಿ ಸಿದ್ಧವಾಗುವವರೆಗೆ ಸ್ಥಳಾಂತರ ನಡೆಯಕೂಡದು.

ಈ ಕೊನೆಯ ಮಾತು ನಮ್ಮ ಚರ್ಚೆಗೆ ಕೇಂದ್ರವಾದುದು. ಶಾಸಕಾಂಗವು ಇಲ್ಲಿ ಎಷ್ಟು ಕೊಡಬೇಕೆಂದು ಹೇಳಿಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಹೇಳಿದೆ. ಭರವಸೆ ಮೊದಲು ನೆರವೇರಬೇಕು, ಜನ ಅನಂತರ ಹೊರಡಬೇಕು. ಭೀಮಗಡವು ಕಾನೂನಿನ ಯಾವ ವರ್ಗಕ್ಕೆ ಸೇರುತ್ತದೆಂಬ ತಾಂತ್ರಿಕ ಪ್ರಶ್ನೆಯನ್ನು ಬದಿಗಿಟ್ಟರೂ, ಈ ಕ್ರಮದ ಹಿಂದಿನ ವಿವೇಕವು ಎಲ್ಲ ಸ್ಥಳಾಂತರಗಳಿಗೂ ಅನ್ವಯಿಸತಕ್ಕದ್ದಾಗಿದೆ. ಮನೆ ಬಿಟ್ಟ ಮೇಲೆ ಜನರ ಕೈಯಲ್ಲಿ ಚೌಕಾಸಿಯ ಬಲವಿರುವುದಿಲ್ಲ. ಉಳಿದ ಕಂತು ತಡವಾದರೆ ಅವರು ಮರಳಿ ಹೋಗಲು ಊರೇ ಇರುವುದಿಲ್ಲ.

ಭದ್ರಾ ಅಭಯಾರಣ್ಯದ ಅನುಭವ

ಈ ಕ್ರಮವನ್ನು ಪಾಲಿಸುವುದು ಅಸಾಧ್ಯವೆಂಬ ಆಕ್ಷೇಪಕ್ಕೆ ಕರ್ನಾಟಕದಲ್ಲಿಯೇ ಉತ್ತರವಿದೆ. ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಅಭಯಾರಣ್ಯದ ಒಳಗಿದ್ದ ಊರುಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಎಂ.ಸಿ. ಹಳ್ಳಿ ಮತ್ತು ಕೆಳಗೂರುಗಳಿಗೆ ಸ್ಥಳಾಂತರಗೊಂಡವು. ಅಲ್ಲಿ ಹಣಕ್ಕೆ ಬದಲಾಗಿ ಕೃಷಿಭೂಮಿಗೆ ಪ್ರಾಧಾನ್ಯವಿತ್ತು. ನೆರೆಹೊರೆಯವರು ಹೊಸ ಸ್ಥಳದಲ್ಲಿಯೂ ನೆರೆಹೊರೆಯವರಾಗಿ ಉಳಿದರು. ಶಾಲೆ, ರಸ್ತೆ, ವಿದ್ಯುತ್ತು ದೊರೆತವು. ಮಾತುಕತೆಗೆ ಹಲವಾರು ವರ್ಷಗಳು ಹಿಡಿದವು. ಅಲ್ಲಿಯೂ ಎಲ್ಲರೂ ತೃಪ್ತರಾಗಲಿಲ್ಲ. ಜಮೀನಿಲ್ಲದವರಿಗೂ ಜಮೀನುಳ್ಳವರಿಗೂ ದೊರೆತ ಲಾಭ ಸಮನಾಗಿರಲಿಲ್ಲ. ಆದರೂ ವನ್ಯಜೀವಿ ಸಂರಕ್ಷಣೆಯ ಸಲುವಾಗಿ ನಡೆದ ಸ್ಥಳಾಂತರಗಳಲ್ಲಿ ದೇಶದ ಯಶಸ್ವೀ ಉದಾಹರಣೆಯಾಗಿ ಸಂಶೋಧಕರು ಭದ್ರಾವನ್ನೇ ಹೆಸರಿಸುತ್ತಾರೆ. ಬೈಲಕುಪ್ಪೆಯಲ್ಲಿ ಹೊರನಾಡಿಗರಿಗೆ ದೊರೆತ ಯೋಜಿತ ನೆಲೆಯು ಇಲ್ಲಿ ಪ್ರಜೆಗಳಿಗೂ ದೊರೆಯಿತು.

ತಳೇವಾಡಿಯ 27 ಕುಟುಂಬಗಳಿಗೆ ದೊರೆತುದು ಮುಖ್ಯವಾಗಿ ಹಣ. ಹಣವು ಕೀಳೆಂದು ಯಾರೂ ಹೇಳಲಾರರು. ತಾವು ಬಯಸಿದಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ. ಆದರೆ 15 ಲಕ್ಷದಲ್ಲಿ ನಿವೇಶನ, ಮನೆ ಹಾಗೂ ಬದುಕಿಗಾಗುವಷ್ಟು ಜಮೀನು ಮೂರನ್ನೂ ಹೊಂದಿಸುವುದು ಇಂದಿನ ಬೆಲೆಗಳಲ್ಲಿ ಸುಲಭವಲ್ಲ. ಅರಣ್ಯದಿಂದ ಬರುತ್ತಿದ್ದ ಸೌದೆ, ಜೇನು, ಹಣ್ಣು, ಔಷಧಿ, ದನಗಳ ಮೇವು ಇವುಗಳ ಬೆಲೆಯನ್ನು ಯಾವ ಲೆಕ್ಕಪತ್ರದಲ್ಲಿಯೂ ಬರೆದಿಲ್ಲ. ಒಂದೂರಿನ ಜನ ಬೇರೆ ಬೇರೆ ಊರುಗಳಿಗೆ ಹಂಚಿಹೋದರೆ ಗ್ರಾಮದೇವತೆಯ ವಾರ್ಷಿಕ ಆಚರಣೆ, ಮದುವೆಯ ಸಂಬಂಧ, ಕಷ್ಟಕಾಲದ ಕೈಗಡ ಎಲ್ಲವೂ ಶಿಥಿಲವಾಗುತ್ತವೆ.

ದಾಖಲೆಯ ಪ್ರಶ್ನೆ

ಹೊರಡುವ ಜನರ ಕೈಯಲ್ಲಿ ಯಾವ ದಾಖಲೆಗಳಿರುತ್ತವೆ ಎಂಬ ಪ್ರಶ್ನೆಯನ್ನು ಸಂಶೋಧಕರು ಹೆಚ್ಚು ಗಮನಿಸಿಲ್ಲ. ಖಾನಾಪುರದ ಕಾಡಿನ ಸೀಮೆಯಲ್ಲಿರುವ ಕುಣಬಿ, ಗೌಳಿ ಮೊದಲಾದ ಸಮುದಾಯಗಳು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿಲ್ಲ. ಆದ್ದರಿಂದ ಅರಣ್ಯ ಹಕ್ಕಿಗಾಗಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಿ, 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಈ ವಾಸಕ್ಕೆ ಸಾಕ್ಷಿಯಾಗಿರುವುದು ಊರೇ: ಹಳೆಯ ಬಾವಿ, ದೇವರ ಗುಡಿ, ಹಿರಿಯರ ಸಮಾಧಿ, ನೆಟ್ಟ ಹಲಸು ಮಾವು. ಹಕ್ಕು ನಿರ್ಣಯವಾಗುವ ಮೊದಲೇ ಊರು ತೆರವಾದರೆ ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಜಿಲ್ಲೆಗಳ ಎಲ್ಲೆಗೆ ಕಟ್ಟಿಕೊಂಡಿರುವ ಸಿದ್ದಿಯರ ಮಾನ್ಯತೆಯ ವಿಷಯದಲ್ಲಿಯೂ, ಹೊರಗೆ ಹೋದವರಿಗೆ ಮೂಲಸ್ಥಳದ ಪುರಾವೆಯೇ ಆಧಾರ.

ಭಾಷೆಯ ಅಂಶವೂ ಕಡಿಮೆ ಮಹತ್ವದ್ದಲ್ಲ. ಈ ಊರುಗಳಲ್ಲಿ ಮರಾಠಿ, ಕೊಂಕಣಿ, ಕನ್ನಡಗಳು ಬೆರೆತ ಆಡುಮಾತುಗಳಿವೆ. ಆಡಳಿತದ ಕಾಗದಪತ್ರಗಳು ಕನ್ನಡದಲ್ಲಿರುವುದು ಯುಕ್ತವೇ. ಆದರೆ ‘ತಿಳಿದು ನೀಡಿದ ಸಮ್ಮತಿ’ ಎಂಬುದಕ್ಕೆ ಮೊದಲ ಶರತ್ತು ತಿಳಿಯುವುದು. ಸಮ್ಮತಿಪತ್ರದ ಪ್ರತಿಯೊಂದು ವಾಕ್ಯವನ್ನೂ ಗ್ರಾಮಸಭೆಯಲ್ಲಿ ಜನರ ಮಾತಿನಲ್ಲಿ ವಿವರಿಸಿ, ವಿವರಿಸಿದ ಸಂಗತಿಯನ್ನೂ ನಡಾವಳಿಯಲ್ಲಿ ದಾಖಲಿಸುವುದು ಉಚಿತ.

ಈ ಹಿನ್ನೆಲೆಯಲ್ಲಿ ಮೂರು ಸಂಗತಿಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಭೀಮಗಡದ ಉಳಿದ ಯಾವ ಊರಿನ ಸ್ಥಳಾಂತರಕ್ಕೂ ಮುನ್ನ ಅಲ್ಲಿನ ವೈಯಕ್ತಿಕ ಹಾಗೂ ಸಾಮುದಾಯಿಕ ಅರಣ್ಯ ಹಕ್ಕುಗಳ ನಿರ್ಣಯ ಪೂರ್ಣಗೊಳ್ಳಬೇಕು. ಎರಡನೆಯದಾಗಿ, ಪ್ರತಿಯೊಂದು ಊರಿನ ಮನೆ, ಗದ್ದೆ, ಜಲಮೂಲ, ಪೂಜಾಸ್ಥಾನ, ಸ್ಮಶಾನ ಮತ್ತು ಮೌಖಿಕ ಚರಿತ್ರೆಯನ್ನು ಒಳಗೊಂಡ ಗ್ರಾಮದಾಖಲೆಯನ್ನು ಸಿದ್ಧಪಡಿಸಿ, ಒಂದು ಪ್ರತಿಯನ್ನು ಜನರಿಗೂ ಇನ್ನೊಂದನ್ನು ಸಾರ್ವಜನಿಕ ಗ್ರಂಥಾಲಯಕ್ಕೂ ಕೊಡಬೇಕು. ಈ ಕಾರ್ಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ನೆರವಾಗಬಲ್ಲವು. ಮೂರನೆಯದಾಗಿ, ಸ್ಥಳಾಂತರಗೊಂಡ ಕುಟುಂಬಗಳ ಸ್ಥಿತಿಗತಿಯ ವರದಿಯನ್ನು ಕೆಲವು ವರ್ಷಗಳ ಕಾಲ ಬೆಳಗಾವಿಯ ಅಧಿವೇಶನದಲ್ಲಿಯೇ ಸದನದ ಮುಂದಿಡುವುದು ಒಳಿತು. ಮಾತು ಕೊಟ್ಟ ಸ್ಥಳದಲ್ಲಿಯೇ ಲೆಕ್ಕವನ್ನೂ ಒಪ್ಪಿಸಿದಂತಾಗುತ್ತದೆ.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ನೆಲೆ ತಪ್ಪಿದವರನ್ನು ರಕ್ಷಿಸುವ ಸಂಪ್ರದಾಯ ಕರ್ನಾಟಕಕ್ಕೆ ಹೊಸದಲ್ಲ. ಪೌರತ್ವವೇ ಇಲ್ಲದವರಿಗೆ ನೆಲ ಕೊಟ್ಟು, ಅವರ ವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತುವಂತೆ ಮಾಡಿದ ರಾಜ್ಯವಿದು. ಆ ಔದಾರ್ಯದಲ್ಲಿದ್ದ ವಿವೇಕವು ಪ್ರಜೆಗಳ ವಿಷಯದಲ್ಲಿಯೂ ಇರಬೇಕೆಂಬುದಷ್ಟೇ ಇಲ್ಲಿನ ನಿವೇದನೆ. ಭೂಮಿ ಮತ್ತು ದುಡಿಮೆಯನ್ನು ಮೊದಲು ನಿಶ್ಚಯಿಸಿ, ಊರನ್ನು ಊರಾಗಿಯೇ ಸಾಗಿಸಿ, ಹಕ್ಕನ್ನು ಬರೆದುಕೊಟ್ಟು ಆಮೇಲೆ ಮನೆ ಬಿಡಿಸಿದರೆ ಹುಲಿಯೂ ಉಳಿಯುತ್ತದೆ, ಜನರೂ ಬದುಕುತ್ತಾರೆ. ಕ್ರಮ ಹಿಂದುಮುಂದಾದರೆ ಎಷ್ಟೇ ದೊಡ್ಡ ಮೊತ್ತವೂ ಕೆಲವು ವರ್ಷಗಳಲ್ಲಿ ಕರಗುತ್ತದೆ. ಗೋವಾದಿಂದ ಘಟ್ಟ ಹತ್ತಿ ಬಂದವರ ಹೆಸರುಗಳನ್ನು ಅಂದು ಬರೆದಿಟ್ಟವರಿರಲಿಲ್ಲ; ಅವರ ವಂಶಜರು ತಮ್ಮ ಗುರುತಿಗಾಗಿ 2020ರವರೆಗೆ ಕಾಯಬೇಕಾಯಿತು. ಇಂದು ಅದೇ ಕಾಡಿನಿಂದ ಇಳಿದು ಬರುತ್ತಿರುವವರ ಮಕ್ಕಳು ಹಾಗೆ ಕಾಯಬೇಕಾಗದಂತೆ ನೋಡಿಕೊಳ್ಳುವುದು ಸರ್ಕಾರದ ಬದ್ಧತೆಯ ನಿಜವಾದ ಪರೀಕ್ಷೆಯಾಗಿದೆ.